ಏಳನೆಯ ಚೀಟಿ

ಶಿವಲೀಲಾಗೆ ತೆಲುಗು ಓದಲು ಬರುತ್ತಿರಲಿಲ್ಲ. ಮಾತು ಬರುತ್ತಿತ್ತು. ಎಮ್ಮಿಗನೂರು ಸಂತೆಯಲ್ಲಿ ಕುರಿ ಕೊಳ್ಳಲು ಬಂದವರ ಜೊತೆ ಅಪ್ಪನಿಗಿಂತ ಜೋರಾಗಿ ತೆಲುಗಿನಲ್ಲಿ ಜಗಳ ಆಡುತ್ತಿದ್ದವಳು ಅವಳು. ಆದರೆ ಹೊಳಗುಂದದಲ್ಲಿ ಓದಿದ್ದೆಲ್ಲ ಕನ್ನಡ ಮೀಡಿಯಂ. ಅವಳ ಮಾತು ಕೇಳಿದ ಯಾರಿಗೂ ಅಕ್ಷರದ ಬಗ್ಗೆ ಅನುಮಾನ ಬರುತ್ತಿರಲಿಲ್ಲ.

ಆಂಧ್ರದ ಆದೋನಿಯ ಡಿಗ್ರಿ ಕಾಲೇಜಿನಲ್ಲಿ ಹೊಸಬರಿಗೆ ಪ್ರತಿ ಬುಧವಾರ ಒಂದು ಸೆಮಿನಾರ್ ಕ್ಲಾಸು, ಕಾಲೇಜಿಗೆ ಹೊಂದಿಕೊಳ್ಳುವುದು ಹೇಗೆಂದು ಕಲಿಸಲು. ಅದರಲ್ಲಿ ಪಾಸಾಗದವರಿಗೆ ಹಾಸ್ಟೆಲ್ ಸೀಟು ಖಾಯಂ ಇಲ್ಲ. ಸೀಟು ಹೋದರೆ ಮರುದಿನವೇ ಕುರಿಯ ಹಿಂದೆ ಎಂದು ಅಪ್ಪ ಯರ್ರೆಪ್ಪ ಮೊದಲೇ ಹೇಳಿದ್ದ. ಮೂರು ವಾರ, ಗುಟ್ಟು ಗೊತ್ತಿದ್ದ ಒಬ್ಬಳೇ ಗೆಳತಿ ಸೌಜನ್ಯ ಪಕ್ಕದಲ್ಲಿ ಕೂತು ತೆಲುಗು ಹಾಳೆ ನೋಡಿ ಪಿಸುಗುಟ್ಟಿದ್ದನ್ನೇ ಶಿವಲೀಲಾ ಗಟ್ಟಿಯಾಗಿ ಹೇಳಿ ಪಾರಾಗಿದ್ದಳು.

ನಾಲ್ಕನೆಯ ವಾರ ವಾಗೀಶ್ ಸರ್ ಒಂದು ರಟ್ಟಿನ ಡಬ್ಬ ತಂದರು. ಯಾವ ಭಾಷೆಯಲ್ಲಾದರೂ ಸರಿ, ಹೆಸರು ಹಾಕದೆ ನಿಮ್ಮ ಕಷ್ಟ ಬರೆಯಿರಿ ಎಂದರು. ಕರೆದವರು ಮುಂದೆ ಬಂದು ಒಂದು ಚೀಟಿ ತೆಗೆದು ಓದಬೇಕು, ಕ್ಲಾಸು ಅದಕ್ಕೆ ದಾರಿ ಹೇಳಬೇಕು. ಮೆಸ್ಸಿನ ಸಾರು, ಇಂಗ್ಲಿಷು, ಸಿಗದ ಬಸ್ಸು ಎಂದು ಆರು ಚೀಟಿ ಮುಗಿದವು. ಏಳನೆಯದಕ್ಕೆ ಶಿವಲೀಲಾಳನ್ನು ಕರೆದರು. ಅವಳು ತೆಗೆದ ಚೀಟಿಯಲ್ಲಿದ್ದದ್ದು ತೆಲುಗು. ಸೌಜನ್ಯ ದೂರದ ಬೆಂಚಿನಲ್ಲಿದ್ದಳು.

"ಚದುವಮ್ಮಾ, ಭಯಮೆಂದುಕು?" ಓದಲು ಭಯವೇಕೆ ಎಂದರು ಸರ್.

"ಹುಲಿಯಂಗ ಮಾತಾಡಾಕಿ, ಈಗ್ಯಾಕ ಕುರಿ ಆದಿ?" ಹಿಂದಿನಿಂದ ಹರೀಶ ಕೂಗಿದ.

"ಕನ್ನಡದಾಗ ಬರದಾರ್ರಿ ಸರ್. ತೆಲುಗಿನಾಗ ಹೇಳಾಕ ಯೋಚನಿ ಮಾಡಾಕತ್ತೀನಿ," ಎಂದಳು ಶಿವಲೀಲಾ. ಚೀಟಿಯನ್ನು ಮುಖದೆದುರು ಹಿಡಿದು, ಸಾಲಿನಿಂದ ಸಾಲಿಗೆ ಕಣ್ಣು ಓಡಿಸುತ್ತ ತೆಲುಗಿನಲ್ಲಿ ಶುರು ಮಾಡಿದಳು. ನನಗೆ ತೆಲುಗು ಮಾತು ಬರುತ್ತದೆ, ಓದಲು ಬರುವುದಿಲ್ಲ. ನೋಟೀಸ್ ಬೋರ್ಡಿನ ಮುಂದೆ ನಿಂತು, ಓದಿದಂತೆ ತಲೆಯಾಡಿಸಿ ಬರುತ್ತೇನೆ. ಇದುವರೆಗೆ ಒಬ್ಬ ಗೆಳತಿಗೆ ಬಿಟ್ಟು ಯಾರಿಗೂ ಹೇಳಿಲ್ಲ.

ಯಾರೂ ನಗಲಿಲ್ಲ. ಬರೆದವರು ಯಾರೆಂದು ಕೇಳುವುದಿಲ್ಲ, ಈ ಕಷ್ಟ ಇನ್ನೂ ಯಾರಿಗಿದೆ ಎಂದು ಸರ್ ಕೇಳಿದರು. ಮೊದಲು ಎದ್ದದ್ದು ಹರೀಶನ ಕೈ. ಆಮೇಲೆ ಇನ್ನೂ ನಾಲ್ಕು. ಶಿವಲೀಲಾ ತನ್ನದನ್ನೂ ಎತ್ತಿದಳು. ನಾಳೆಯಿಂದ ಸಂಜೆ ಅಕ್ಷರದ ಕ್ಲಾಸು, ಇದರ ಮೇಲೆ ಯಾರ ಹಾಸ್ಟೆಲ್ ಸೀಟೂ ಹೋಗುವುದಿಲ್ಲ ಎಂದು ಸರ್ ಅಲ್ಲೇ ಹೇಳಿಬಿಟ್ಟರು. ಚಪ್ಪಾಳೆ ಬಿತ್ತು. ಗಂಟೆ ಹೊಡೆಯಿತು.

ವರಾಂಡದಲ್ಲಿ ಸೌಜನ್ಯ ಅವಳ ಬೆನ್ನಿಗೊಂದು ಗುದ್ದು ಕೊಟ್ಟಳು. "ಎಂಥಾ ಧೈರ್ಯನ ನಿಂದು! ಚೀಟಿ ತಾ ಇಲ್ಲಿ, ಖರೇವಂದ್ರ ಏನೈತಿ ನೋಡೂಣು."

"ನೋಡು. ಮತ್ತ ಮೆಸ್ಸಿನ ಸಾರೇ ಇರತೈತಿ."

ಸೌಜನ್ಯ ಓದಿದಳು. ನಗು ನಿಂತಿತು. ಇನ್ನೊಮ್ಮೆ ಓದಿದಳು.

"ಏನ ಅದು, ಬಾಯಿ ಬಿಡು."

"'ಸೇರಿ ಒಂದು ತಿಂಗಳಾತು, ನನ್ ಜೋಡಿ ಒಬ್ಬರೂ ಮಾತಾಡಿಲ್ಲ. ಈ ಕ್ಲಾಸು ಮುಗಿದ ಮ್ಯಾಲ ಟಿ.ಸಿ. ತಗೊಂಡು ಹೋಗಾಕತ್ತೀನಿ. ಹೋಗಬ್ಯಾಡ ಅಂತ ಒಬ್ಬರಂದ್ರೂ ಇರ್ತೀನಿ.'"

ಇಬ್ಬರೂ ಆಫೀಸಿಗೆ ಓಡಿದರು. ಗುಮಾಸ್ತ ಲಾಲಪ್ಪ ರಿಜಿಸ್ಟರ್ ಮುಚ್ಚುತ್ತಿದ್ದ.

"ಟಿ.ಸಿ. ಒಯ್ಯಾಕ ಯಾರರ ಬಂದಿದ್ರೇನ್ರಿ?"

"ನಾಗಲದಿನ್ನೆ ಊರಿನ ಶ್ರೀನು, ನಿಮ್ಮ ಕ್ಲಾಸಿನಾಂವನ. ನಿನ್ನೇನ ಅರ್ಜಿ ಕೊಟ್ಟಿದ್ದ, ಈಗ ಸಹಿ ಮಾಡಿ ಒಯ್ದ. ಒಂದ್ ತಾಸು ತಡಿ, ಪ್ರಿನ್ಸಿಪಾಲರ ಜೋಡಿ ಮಾತಾಡು ಅಂದೆ. ಬ್ಯಾಡ ಬಿಡ್ರಿ, ಕೇಳೂದೆಲ್ಲ ಕೇಳಿ ಆತು ಅಂದ. ಬಸ್ಸೂ ಹೋಗಿರಬೇಕು."

"ಶ್ರೀನು ಅಂದ್ರ ಯಾರು?" ಶಿವಲೀಲಾ ಕೇಳಿದಳು.

ಸೌಜನ್ಯಳಿಗೂ ಗೊತ್ತಿರಲಿಲ್ಲ.

ಮುಂದಿನ ಬುಧವಾರದ ಹೊತ್ತಿಗೆ ಆ ಆರು ಜನ ತಮ್ಮ ಹೆಸರನ್ನು ತೆಲುಗಿನಲ್ಲಿ ಬರೆಯುವುದನ್ನು ಕಲಿತಿದ್ದರು. ವಾಗೀಶ್ ಸರ್ ಹಾಜರಿ ಕೂಗಿದರು. ನಲವತ್ತೆರಡು ಇದ್ದದ್ದು ನಲವತ್ತೊಂದಾಗಿತ್ತು.