ಕೆಳಗುಳಿದ ಚುಕ್ಕಿಗಳು

"ಇವೆಲ್ಲ ನಮ್ಮನೆಯವರದ್ದೇನಾ ಮೇಡಂ?" ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಲ್ಯಾಬಿನ ಆಯಾ ಪರದೆಯತ್ತ ಬಗ್ಗಿದಳು. ಅವಳ ಗಂಡನ ಎದೆಯಿಂದ ಬೆಳಿಗ್ಗೆ ತೆಗೆದ ನೀರನ್ನು ಫ್ಲೋ ಸೈಟೋಮೀಟರ್ ಎಂಬ ಕೋಶ ಎಣಿಸುವ ಯಂತ್ರ ಎಳೆದುಕೊಳ್ಳುತ್ತಿತ್ತು. ಒಂದೊಂದು ಜೀವಕೋಶವೂ ಲೇಸರ್ ಬೆಳಕನ್ನು ಹಾದು ಪರದೆಯ ಮೇಲೆ ಒಂದೊಂದು ಚುಕ್ಕಿಯಾಗಿ ಬೀಳುತ್ತಿತ್ತು.

"ಹೂಂ, ಅವರದ್ದೇ. ಸತ್ತ ಕೋಶಗಳು ಬಣ್ಣ ಹೀರ್ಕೊಂಡು ಮೇಲೆ ಹೋಗ್ತವೆ. ಬದುಕಿರೋವು ಕೆಳಗೇ ಉಳೀತವೆ," ಎಂದಳು ಟೆಕ್ನಿಷಿಯನ್. ಉಳಿದರ್ಧವನ್ನು ಅವಳು ಹೇಳಲಿಲ್ಲ. ಕೆಳಗೆ ಜೇನುಹುಳುಗಳಂತೆ ಮುತ್ತಿಕೊಂಡಿದ್ದ ಆ ಗುಂಪಿಗೆ ರಕ್ತಕಣದ ಗುರುತಿರಲಿಲ್ಲ, ಗಡ್ಡೆಯ ಗುರುತಿತ್ತು. ಬೇರೆಲ್ಲೋ ಹುಟ್ಟಿ ಎದೆಗೆ ಇಳಿದು ಬಂದ ಕ್ಯಾನ್ಸರ್ ಅದು.

ಮೇಜಿನ ಫೋನ್ ಬಡಿದುಕೊಂಡಿತು. ವಾರ್ಡಿನ ನರ್ಸ್. "ಆ ಟೆಸ್ಟ್ ಬಿಟ್ಬಿಡಿ ಮೇಡಂ. ಪೇಷಂಟ್ ಈಗಷ್ಟೇ ಹೋಗ್ಬಿಟ್ರು. ಅವರ ಹೆಂಡ್ತಿಗೆ ನಾನೇ ಫೋನ್ ಮಾಡ್ತೀನಿ." ಟೆಕ್ನಿಷಿಯನ್ ಫೋನ್ ಇಟ್ಟಳು. ಯಂತ್ರ ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟಳು, ಆದರೆ ಒತ್ತಲಾಗಲಿಲ್ಲ. ಚುಕ್ಕಿಗಳು ಬೀಳುತ್ತಲೇ ಇದ್ದವು, ಬಹುಪಾಲು ಕೆಳಗೇ.

"ಅಯ್ಯೋ, ಎಷ್ಟೊಂದು ಬದುಕಿವೆ ನೋಡಿ!" ಆಯಾಳ ಮುಖ ಅರಳಿತ್ತು. "ನಮ್ಮನೆಯವರು ಗಟ್ಟಿ ಪಿಂಡ ಅಂತ ನಾನು ಬಡ್ಕೊಂಡಿರ್ಲಿಲ್ವಾ?" ಅಷ್ಟರಲ್ಲಿ ಅವಳ ಕೋಟಿನ ಜೇಬಿನಲ್ಲಿ ಮೊಬೈಲ್ ಗುಂಯ್‌ಗುಟ್ಟತೊಡಗಿತು. ಅವಳು ಪರದೆಯಿಂದ ಕಣ್ಣು ಕೀಳದೆ, ಒದ್ದೆ ಕೈಯಿಂದ ಜೇಬನ್ನು ಅದುಮಿ ಹಿಡಿದು ನಕ್ಕಳು.

"ಎತ್ತಲ್ಲ ಬಿಡಿ ಮೇಡಂ. ಇಲ್ಲಿ ಒಳಗೆ ಮೊಬೈಲ್ ಎತ್ಬಾರ್ದು ಅಂತ ನೀವೇ ತಾನೆ ಹೇಳಿರೋದು."