ನೈಟ್ರೋ ಜೋಡಿಯ ಅಂಕಿ

ನರ್ಜಿಸ್ ಹಲಗೆಯ ಮೇಲೆ ಕೊನೆಯ ಸಾಲು ಬರೆದು ಸಭೆಯತ್ತ ತಿರುಗಿದಾಗ ವಸೀಲಾ ಕೈ ಎತ್ತಲಿಲ್ಲ. ಹೊಗಳಿಕೆ ಇನ್ನೊಂದಿಷ್ಟು ಮೇಲೇರಲಿ, ಆಮೇಲೆ ಕೆಡವಿದರಾಯಿತು ಎಂದು ಕಾದು ಕೂತಳು.

ಒರಾನ್‌ನಿಂದ ಬಂದಿದ್ದ ಪ್ರೊಫೆಸರ್ ಬೆಲ್‌ಹಾಜ್ ಕನ್ನಡಕ ತೆಗೆದರು. "ಎರಡು ಬೆಂಜೀನ್ ಉಂಗುರ ಒಂದರ ಮೇಲೊಂದು ಕೂತ್ರೆ ಎಷ್ಟು ಬಿಗಿಯಾಗಿ ಅಂಟ್ಕೊಳ್ತವೆ ಅಂತ, ಈ ಹಳೇ ಲ್ಯಾಪ್‌ಟಾಪಲ್ಲಿ ಲೆಕ್ಕ ಹಾಕಿದ್ಯಾ ಮಗಳೇ? ಎಷ್ಟು ಹೊತ್ತು ಹಿಡೀತು?"

"ಕಾಫಿ ಕುಡಿದು ಬರೋಷ್ಟರಲ್ಲಿ ಮುಗಿದಿತ್ತು, ಉಸ್ತಾದ್."

ಸಭೆ ನಕ್ಕಿತು. ವಸೀಲಾ ನಗಲಿಲ್ಲ. ಅದೇ ಜೋಡಿಗಾಗಿ ಅವಳು ಕಾನ್‌ಸ್ಟಂಟೀನ್‌ನ ಈ ಪ್ರಯೋಗಾಲಯದ ದೊಡ್ಡ ಗಣಕಯಂತ್ರದ ಮುಂದೆ ಒಂಬತ್ತು ದಿನ ಕಾದಿದ್ದಳು. ಕರೆಂಟ್ ಹೋಗಿ ಎರಡು ಸಲ ಮೊದಲಿಂದ ಶುರುಮಾಡಿದ್ದಳು. ಹಾಗೆ ಆರು ವರ್ಷ ಕೂಡಿಸಿದ ಅಂಕಿಗಳಿಗೆ ಹೊಂದಿಸಿಯೇ ಈ ನಿನ್ನೆ ಮೊನ್ನೆಯ ಹುಡುಗಿ ತನ್ನ ಅಗ್ಗದ ವಿಧಾನ ಕಟ್ಟಿದ್ದು. ಸಮುದ್ರದಾಚೆ ಮಾರ್ಸೇ ನಗರದ ಪ್ರಯೋಗಾಲಯಕ್ಕೆ ಇಲ್ಲಿಂದ ಹೋಗುವುದು ಒಬ್ಬರೇ. ಆ ಒಬ್ಬರು ಯಾರೆಂದು ಬೆಲ್‌ಹಾಜ್ ಇವತ್ತೇ ಹೇಳಬೇಕು.

ಈಗ ವಸೀಲಾ ಎದ್ದಳು. "ಉಂಗುರಕ್ಕೆ ನೈಟ್ರೋ ಗುಂಪು ಸೇರಿಸಿದ್ರೆ ನಿನ್ನ ಲೆಕ್ಕ ಎಷ್ಟು ಕೊಡುತ್ತೆ?"

"ಐದು ಕಿಲೋಕ್ಯಾಲರಿ, ಅಕ್ಕಾ."

"ಆರೂವರೆ ಬರ್ಬೇಕು. ದೊಡ್ಡ ಯಂತ್ರದ ಲೆಕ್ಕ ನನ್ನ ಹತ್ರ ಇದೆ. ಬೆಂಜೀನಿಗೆ ಸರಿಹೋಯ್ತು ಅಂತ ಊರೆಲ್ಲ ಡಂಗುರ ಹೊಡೆದ್ರೆ ಆಯ್ತಾ?"

ನರ್ಜಿಸಳ ಮುಖ ಸಣ್ಣದಾಗುವುದನ್ನು ನೋಡಲು ವಸೀಲಾ ಕಣ್ಣು ಮಿಟುಕಿಸದೆ ನಿಂತಳು. ಆ ಹುಡುಗಿ ಮಾತ್ರ ಹಲಗೆಯ ಕಡೆ ಓಡಿ, ತನ್ನದೇ ಸಾಲನ್ನು ತೋಳಿನಿಂದ ಒರೆಸಿಬಿಟ್ಟಳು.

"ಆರೂವರೆ! ಹಾಗಾದ್ರೆ ತಪ್ಪು ಇಲ್ಲೇ ಇದೆ, ವಿದ್ಯುದಂಶದ ಲೆಕ್ಕದಲ್ಲಿ. ಎರಡು ತಿಂಗಳಿಂದ ಹುಡುಕ್ತಿದ್ದೆ! ಅಕ್ಕಾ, ಈ ಅಂಕಿ ಯಾವಾಗ ಸಿಕ್ತು?"

ಸಿಕ್ಕಿದ್ದು ಕಳೆದ ಮಂಗಳವಾರ. ಇವತ್ತಿಗೆಂದೇ ಅದನ್ನು ಐದು ದಿನ ಬಚ್ಚಿಟ್ಟುಕೊಂಡಿದ್ದಳು.

"ಈಗ... ಈಗ ಬರುವಾಗ," ಎಂದಳು ವಸೀಲಾ.

"ನೋಡಿ ಉಸ್ತಾದ್, ಸಿಕ್ಕ ತಕ್ಷಣ ಓಡಿ ಬಂದು ನಂಗೇ ಕೊಟ್ರು! ಬೇರೆ ಯಾರಾದ್ರೂ ಆಗಿದ್ರೆ ತಮ್ಮ ಪ್ರಬಂಧಕ್ಕೆ ಅಂತ ಅಡಗಿಸಿಡ್ತಿದ್ರು."

ಬೆಲ್‌ಹಾಜ್ ಇಬ್ಬರನ್ನೂ ನೋಡಿ ಕನ್ನಡಕ ಹಾಕಿಕೊಂಡರು. ಆಮೇಲೆ ಕಾಗದದ ಮೇಲೆ ಒಂದು ಹೆಸರು ಬರೆದರು.

"ಮಾರ್ಸೇಗೆ ವಸೀಲಾ ಹೋಗ್ಲಿ. ಅಂಕಿಯೂ ಗಟ್ಟಿ, ಮನಸ್ಸೂ ದೊಡ್ಡದು."

ಬೇಡವೆನ್ನಲು ವಸೀಲಾ ಬಾಯಿ ತೆರೆದಳು. ಆಮೇಲೆ ತನ್ನ ಕುರ್ಚಿಯಲ್ಲಿ ಕೂತುಬಿಟ್ಟಳು.

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನರ್ಜಿಸ್.