ಹೆಸರು ಹಾಕಿದ ಲೇಖನ

ಶಾಲೆಯ ಗೋಡೆ ಕುಸಿದು ಒಂದು ಮಗು ಸತ್ತಿತು. ಗೋಡೆ ಬಿರುಕು ಬಿಟ್ಟದ್ದನ್ನು ಮೂರು ಸಲ ಹೇಳಿದರೂ ಹೆಡ್‌ಮಾಸ್ಟರು ಕಿವಿಗೆ ಹಾಕಿಕೊಳ್ಳಲಿಲ್ಲವೆಂದು ಸುಳ್ಳು ಹೆಸರಿನಲ್ಲಿ ಪತ್ರಿಕೆಗೆ ಬರೆದವರು ಅದೇ ಶಾಲೆಯ ತಿಪ್ಪೇರುದ್ರ ಮೇಷ್ಟ್ರು. ಅಮಾನತಾದದ್ದು ಮಾತ್ರ ವಿಶಾಲಾಕ್ಷಿ ಟೀಚರ್. ಆ ಶಾಲೆಯಲ್ಲಿ ಕಥೆಗಿಥೆ ಬರೆಯುವವರು ಅವರೊಬ್ಬರೇ, ಹಾಗಾಗಿ ಆ ಲೇಖನವೂ ಅವರದೇ ಎಂದು ಇಲಾಖೆ ಅನುಮಾನಿಸಿತ್ತು.

ಇಪ್ಪತ್ತು ದಿನ ಮೇಷ್ಟ್ರು ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದರು. ಕೊನೆಗೆ ತಮ್ಮ ಹೆಸರು, ಊರು, ಶಾಲೆ ಎಲ್ಲವನ್ನೂ ಹಾಕಿ, ಮೊದಲಿನದೂ ತಮ್ಮದೇ ಎಂದು ಇನ್ನೊಂದು ಲೇಖನ ಬರೆದರು. ಪತ್ರಿಕೆಗೆ ಕಳಿಸುವ ಮುಂಚೆ ಅದನ್ನು ಟೀಚರ ಮನೆಗೆ ಒಯ್ದರು.

“ಹೆಸರು ಇಷ್ಟು ದಪ್ಪಕ್ಕೆ ಬರೆದಿದ್ದೀರಲ್ಲ ಮೇಷ್ಟ್ರೇ, ಲಗ್ನಪತ್ರಿಕೆ ಇದ್ದ ಹಾಗಿದೆ,” ಎಂದರು ಟೀಚರ್.

“ಎದ್ದು ಕಾಣ್ಲಿ ಅಂತ ಮೇಲೆ ಮೇಲೆ ತಿದ್ದಿದೆ ಟೀಚರ್. ಇದು ಅಚ್ಚಾದ್ರೆ ನಿಮ್ಮನ್ನ ವಾಪಸ್ ಕರೀತಾರೆ.”

ಟೀಚರ್ ಹಾಳೆಯನ್ನು ಮಡಚಿ ಹಿಂದಕ್ಕೆ ಕೊಟ್ಟರು.

“ಕಳಿಸಬೇಡಿ. ನಾನೇ ಬರೆದದ್ದು ಅಂತ ವಿಚಾರಣೆಯಲ್ಲಿ ಒಪ್ಕೊಂಡುಬಿಟ್ಟಿದ್ದೀನಿ.”

“ಮಾಡದ ತಪ್ಪಿಗೆ ನಿಮಗ್ಯಾಕೆ ಶಿಕ್ಷೆ?”

ಟೀಚರ್ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

“ಲೆಕ್ಕ ಮಾಡ್ಕೊಂಡು ಬಂದಿಲ್ಲ ಅಂತ ಅವತ್ತು ಆ ಮಗೂನ ಗೋಡೆ ಪಕ್ಕ ನಿಲ್ಲಿಸಿದ್ದು ನಾನು.”